ಸರ್ಟಿಫಿಕೇಟ್ ತಾನಾಗಿ ನವೀಕರಣವಾಗದಿದ್ದರೆ

ಪ್ರಶ್ನೆ: ನಮ್ಮ ಸಹಕಾರ ಸಂಘದ ಜಾಲತಾಣಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಹಾಕಿದ್ದೆ. ಮೂರು ತಿಂಗಳು ಸರಿಯಿತ್ತು. ಈಗ ಬ್ರೌಸರ್ ಎಚ್ಚರಿಕೆ ತೋರಿಸುತ್ತಿದೆ. ಏನು ಮಾಡಲಿ?

ಉತ್ತರ: ಆ ಸರ್ಟಿಫಿಕೇಟಿನ ಆಯಸ್ಸೇ 90 ದಿನ. ಸುಮಾರು 30 ದಿನ ಬಾಕಿ ಇರುವಾಗಲೇ, ಸರ್ಟಿಫಿಕೇಟ್ ಪಡೆದು ನವೀಕರಿಸುವ ತಂತ್ರಾಂಶವಾದ ಸರ್ಟ್‌ಬಾಟ್ ಅದನ್ನು ನವೀಕರಿಸಬೇಕಿತ್ತು. ಮೊದಲು ಸರ್ಟ್‌ಬಾಟ್‌ನಲ್ಲಿ ಸರ್ಟಿಫಿಕೇಟುಗಳ ಪಟ್ಟಿ ತೆಗೆದು ಮುಕ್ತಾಯದ ದಿನಾಂಕ ನೋಡಿ. ಅವಧಿ ಇನ್ನೂ ಇದ್ದರೆ, ಹೊಸದು ಬಂದಿದೆ, ವೆಬ್ ಸರ್ವರ್ ಮಾತ್ರ ಹಳೆಯದನ್ನೇ ಹಿಡಿದು ಕೂತಿದೆ ಎಂದರ್ಥ. ಆ ಸರ್ವರನ್ನು (ಉದಾಹರಣೆಗೆ ಎಂಜಿನ್‌ಎಕ್ಸ್) ರೀಲೋಡ್ ಮಾಡಿ. ಮುಂದೆ ಈ ರೀಲೋಡ್ ತಾನಾಗಿ ಆಗಲು, ನವೀಕರಣದ ಬಳಿಕ ಓಡುವ ಡಿಪ್ಲಾಯ್ ಹುಕ್ ಸೇರಿಸಿ.

ಅವಧಿ ಮುಗಿದಿದ್ದರೆ, ಸರ್ಟ್‌ಬಾಟ್‌ನ ನವೀಕರಣ ಟೈಮರ್ ಓಡುತ್ತಿದೆಯೇ ಎಂದು ಪರೀಕ್ಷಿಸಿ, ಬಳಿಕ ಡ್ರೈ ರನ್ (ಪ್ರಾಯೋಗಿಕ ನವೀಕರಣ) ಮಾಡಿ. ಆತುರದಿಂದ ನಿಜವಾದ ನವೀಕರಣವನ್ನೇ ಮತ್ತೆಮತ್ತೆ ಒತ್ತಬೇಡಿ: ಒಂದು ಹೆಸರಿಗೆ ಗಂಟೆಯಲ್ಲಿ 5 ಪರಿಶೀಲನೆ ವಿಫಲವಾದರೆ ತಡೆ ಬೀಳುತ್ತದೆ. ಸಾಮಾನ್ಯವಾಗಿ ತೊಡಕು ಎರಡು ಕಡೆ ಇರುತ್ತದೆ. ಫೈರ್‌ವಾಲ್ 80ನೇ ಪೋರ್ಟನ್ನು ಮುಚ್ಚಿರುತ್ತದೆ, ಇಲ್ಲವೇ ಡಿಎನ್‌ಎಸ್‌ನಲ್ಲಿ ಹಳೆಯ ಸರ್ವರಿನ ಐಪಿವಿ6 ವಿಳಾಸ ಉಳಿದಿರುತ್ತದೆ. ಎರಡನೆಯದನ್ನು ಹಲವರು ನೋಡುವುದೇ ಇಲ್ಲ.

2025ರ ಜೂನ್‌ನಿಂದ ಲೆಟ್ಸ್ ಎನ್‌ಕ್ರಿಪ್ಟ್ ಮುಕ್ತಾಯದ ಎಚ್ಚರಿಕೆಯ ಇಮೇಲ್ ಕಳಿಸುವುದನ್ನು ನಿಲ್ಲಿಸಿದೆ. ಹಾಗಾಗಿ ಅವಧಿ ಗಮನಿಸುವ ಮಾನಿಟರಿಂಗ್ ಸೇವೆಯೊಂದನ್ನು ಇಂದೇ ಜೋಡಿಸಿ.