ಮಳೆಯ ಬಿಡುವು ಮತ್ತು ಅಂಗಳದ ಗರಿಕೆ ಹಾಸು

ರಾಗಿ ಹೊಲದಲ್ಲಿ ಗರಿಕೆ ಕಂಡರೆ ಕಿತ್ತು ಬದುವಿನಾಚೆ ಎಸೆಯುವ ರೈತರೇ, ಮನೆಯಂಗಳದಲ್ಲಿ ಅದನ್ನು ಹುಲ್ಲುಹಾಸಾಗಿ ಬೆಳೆಸಿದಾಗ, ಹದಿನೈದು ದಿನ ಮಳೆ ಬಾರದಿದ್ದರೆ ಗಾಬರಿಯಿಂದ ನೀರು ಹಾಯಿಸತೊಡಗುತ್ತಾರೆ. ಹೊಲದಲ್ಲಿ ಉಳುಮೆಗೂ ಬಿಸಿಲಿಗೂ ಜಗ್ಗದ ಹುಲ್ಲು ಅಂಗಳದಲ್ಲಿ ಮಾತ್ರ ಅಷ್ಟು ಬೇಗ ಸಾಯುವುದಿಲ್ಲ.

ತೇವ ಕಡಿಮೆಯಾದಂತೆ ಗರಿಕೆಯ ಎಲೆಗಳು ಮಡಿಚಿಕೊಂಡು ಬೂದುಮಿಶ್ರಿತ ನೀಲಿ ಬಣ್ಣಕ್ಕೆ ತಿರುಗುತ್ತವೆ. ತುಳಿದ ಹೆಜ್ಜೆಯ ಗುರುತು ಬಹಳ ಹೊತ್ತು ಉಳಿಯುತ್ತದೆ. ಆಮೇಲೆ ಹುಲ್ಲು ಒಣಗಿ ಕಂದು ಬಣ್ಣಕ್ಕೆ ಬರುತ್ತದೆ. ಆದರೆ ನೆಲದೊಳಗಿನ ಕಾಂಡ ಜೀವಂತವಾಗಿರುತ್ತದೆ. ಮಣ್ಣು ಕೆದಕಿ ಅದರ ಗೆಣ್ಣನ್ನು ಚಿವುಟಿ ನೋಡಬೇಕು. ಒಳಗೆ ಬೆಳ್ಳಗೆ, ಗಟ್ಟಿಯಾಗಿದ್ದರೆ ಒಂದು ಹದ ಮಳೆ ಬಿದ್ದ ವಾರ ಹತ್ತು ದಿನಗಳಲ್ಲಿ ಹಾಸು ಮತ್ತೆ ಚಿಗುರುತ್ತದೆ.

ನೀರಿನ ಲೆಕ್ಕ ಸರಳವಾದುದು. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆಯೆಂದರೆ 1 ಲೀಟರ್ ನೀರು. ಬೇಸಿಗೆಯಲ್ಲಿ ಹಸಿರು ಹಾಸು ದಿನಕ್ಕೆ ಸುಮಾರು 5 ಮಿ.ಮೀ. ನೀರನ್ನು ಬಳಸುವುದರಿಂದ 100 ಚದರ ಮೀಟರಿಗೆ ದಿನವೂ 500 ಲೀಟರ್ ಬೇಕಾಗುತ್ತದೆ. ನಿತ್ಯವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ಆಳಕ್ಕೆ ಇಳಿಯದು. ಕೆಂಪು ಮರಳುಮಿಶ್ರಿತ ಗೋಡು ಮಣ್ಣಿನಲ್ಲಿ ಮೇಲಿನ 15 ಸೆಂ.ಮೀ. ಪದರ ಬೇರಿಗೆ ಒದಗಿಸುವ ನೀರು ಸುಮಾರು 15ರಿಂದ 20 ಮಿ.ಮೀ. ಮಾತ್ರ, ಮೂರು ನಾಲ್ಕು ದಿನಕ್ಕೆ ಅದು ಮುಗಿಯುತ್ತದೆ. ಬೇರು 45 ಸೆಂ.ಮೀ. ಇಳಿದಿದ್ದರೆ ಹತ್ತು ದಿನವಾದರೂ ಆತಂಕವಿಲ್ಲ. ಆದ್ದರಿಂದ ಹಸಿರೇ ಬೇಕೆನ್ನುವವರು ಹೆಜ್ಜೆ ಗುರುತು ಉಳಿಯತೊಡಗಿದಾಗ ಒಮ್ಮೆಗೇ ಆಳವಾಗಿ ನೆನೆಸುವುದು ಲೇಸು. ಏಪ್ರಿಲ್‌ನಲ್ಲಿ ಕೊಳವೆ ಬಾವಿ ಸೊರಗುವ ಕೋಲಾರದಂಥ ಕಡೆ ಹಸಿರಿನ ಆಸೆಯನ್ನೇ ಬಿಡಬೇಕು. ಮೂರು ವಾರಕ್ಕೊಮ್ಮೆ 12 ಮಿ.ಮೀ., ಅಂದರೆ 1,200 ಲೀಟರ್ ಕೊಟ್ಟರೆ ಗೆಣ್ಣು ಜೀವ ಹಿಡಿದುಕೊಳ್ಳುತ್ತದೆ. ಅದೇ ಅವಧಿಗೆ ದಿನಕ್ಕೆ 500 ಲೀಟರಿನಂತೆ 10,500 ಲೀಟರ್ ಬೇಕು! ದನಕರುಗಳಿರುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ಬಿದ್ದ ಮಳೆಯೆಲ್ಲ ಬೇರಿಗೆ ಸಿಗುವುದೂ ಇಲ್ಲ. ಮೂರು ನಾಲ್ಕು ಮಿ.ಮೀ. ತುಂತುರು ಎಲೆ ತೋಯಿಸಿ ಆರಿಹೋಗುತ್ತದೆ. ಬಯಲಲ್ಲಿ ನೇರ ಅಂಚಿನ ಡಬ್ಬಿಯೊಂದನ್ನಿಟ್ಟು ಅಳೆದರೆ ಇದು ತಿಳಿಯುತ್ತದೆ. ಕೆಂಪು ಮಣ್ಣು ಒಣಗಿ ಹೆಪ್ಪುಗಟ್ಟಿದ್ದರೆ ಮೇ ತಿಂಗಳ ಬಿರುಮಳೆ ಹರಿದು ಚರಂಡಿ ಸೇರುತ್ತದೆ. ಅದಕ್ಕೆ ಮುಂಚೆಯೇ ಮೊನಚು ಸಲಾಕೆಯಿಂದ 10 ಸೆಂ.ಮೀ. ಆಳಕ್ಕೆ ಚುಚ್ಚಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದ ಪುಡಿಯನ್ನು ತೆಳುವಾಗಿ ಹರಡಬೇಕು. ಅರೆ ಕಳಿತ ಗೊಬ್ಬರ ಹಾಕಿದರೆ ಕಳೆ ಬೀಜವನ್ನೇ ಬಿತ್ತಿದಂತೆ.

ಒಣ ಹುಲ್ಲಿಗೆ ಯೂರಿಯಾ ಹಾಕಕೂಡದು, ಸುಡುತ್ತದೆ. ಮಳೆ ಬಂದು ಹಾಸು ಚಿಗುರಿದ ಮೇಲೆ 100 ಚದರ ಮೀಟರಿಗೆ 1 ಕಿ.ಗ್ರಾಂ. ಎರಚಿ ನೀರು ಕೊಡಬೇಕು. ಸೆಪ್ಟೆಂಬರಿನ ಸತತ ಮಳೆಯಲ್ಲಿ ಹುಲ್ಲು ಹಳದಿಯಾದರೆ ಮೊದಲು ನಿಂತ ನೀರನ್ನು ಬಸಿದು ತೆಗೆಯಬೇಕು. ನೀರು ನಿಂತಲ್ಲೆಲ್ಲ ಜೇಕು ಮೇಲುಗೈ ಪಡೆಯುತ್ತದೆ.

ಮಳೆ ಬಂದರೂ ಅಲ್ಲಲ್ಲಿ ತೇಪೆ ಹಾಕಿದಂತೆ ಕಂದು ಉಳಿದಿದ್ದರೆ ಆ ಹುಲ್ಲನ್ನು ಹಿಡಿದೆಳೆದು ನೋಡಬೇಕು. ಚಾಪೆಯಂತೆ ಮೇಲೆದ್ದು ಬಂದರೆ ಅಲ್ಲಿ ಬೇರು ತಿಂದದ್ದು ಗೊಣ್ಣೆಹುಳು. ಮಣ್ಣು ಅಗೆದು ಹುಳುಗಳನ್ನು ಆರಿಸಿ ನಾಶಪಡಿಸಿ, ಬರಿದಾದ ಜಾಗದಲ್ಲಿ ಗರಿಕೆಯ ತುಂಡುಗಳನ್ನು ಮಳೆ ಮುಗಿಯುವುದರೊಳಗೆ ನೆಡಬೇಕು.