ಎಂಜಿನ್ನಿನ ಉಸಿರುಕೊಳವೆ ಕಟ್ಟಿದಾಗ



ಹಳೆಯ ಟ್ರ್ಯಾಕ್ಟರಿನ ಎಂಜಿನ್ನು ಎಣ್ಣೆ ಜಿನುಗಿಸತೊಡಗಿದರೆ ನಾವು ಮೊದಲು ದೂರುವುದು ಆಯಿಲ್ ಸೀಲನ್ನು. ಹಿಂಬದಿಯ ಸೀಲು ಬದಲಿಸಬೇಕಾದರೆ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು. ಖರ್ಚಿನ ಮಾತು ಹಾಗಿರಲಿ, ಅಷ್ಟರಲ್ಲಿ ಬಿತ್ತನೆಯ ಹದ ತಪ್ಪಿಹೋಗುತ್ತದೆ. ಇಷ್ಟಾದರೂ ಹೊಸ ಸೀಲು ಮತ್ತೆ ಸೋರುವುದುಂಟು. ಆದುದರಿಂದ ಸೀಲಿಗೆ ಕೈಹಾಕುವ ಮೊದಲು ಬ್ರೀದರ್ ಎಂಬ ಉಸಿರುಕೊಳವೆಯನ್ನು ನೋಡಬೇಕು.

ಎಂಜಿನ್ನಿಗೆ ಉಸಿರೇಕೆ? ಪಿಸ್ಟನ್ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಉರಿದ ಹೊಗೆ ಸ್ವಲ್ಪ ಅವುಗಳ ಸಂದಿನಿಂದ ಕೆಳಗೆ, ಎಣ್ಣೆಯಿರುವ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಮೂರು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 1500 ಸುತ್ತು ತಿರುಗುವಾಗ ಒಳಗೆ 2250 ಸಲ ಡೀಸೆಲ್ ಉರಿಯುತ್ತದೆ. ಪ್ರತಿ ಸಲವೂ ಚೂರುಚೂರು ಇಳಿದ ಹೊಗೆ ಉಸಿರುಕೊಳವೆಯಿಂದ ಹೊರಗೆ ಹೋಗಬೇಕು. ದಾರಿ ಕಟ್ಟಿದರೆ ಒಳಗೆ ಒತ್ತಡ ಬೆಳೆದು, ಡಿಪ್ ಸ್ಟಿಕ್ಕಿನ ತೂತು, ಪ್ಯಾಕಿಂಗು, ಸೀಲು, ಎಲ್ಲಿ ಬಲಹೀನವೋ ಅಲ್ಲಿ ಎಣ್ಣೆಯನ್ನು ನೂಕುತ್ತದೆ. ಹಿಂಬದಿಯಿಂದ ಬಂದ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿದರಂತೂ ನೇಗಿಲು ನೆಲಕ್ಕಿಳಿದ ಕೂಡಲೆ ಕ್ಲಚ್ ಜಾರುತ್ತದೆ.

ಪಾವಗಡದ ಸೀಮೆಯಲ್ಲಿ ಇದಕ್ಕೆ ಅವಕಾಶ ಹೆಚ್ಚು. ಕೆಂಪು ನೆಲದ ಧೂಳು, ಕಡಲೆಕಾಯಿ ಬಿಡಿಸುವಾಗ ಏಳುವ ಹೊಟ್ಟಿನ ಪುಡಿ, ಎರಡೂ ಎಣ್ಣೆಯ ತೇವಕ್ಕೆ ಅಂಟಿ ಮೇಣದಂತಾಗುತ್ತವೆ. ಇನ್ನೊಂದು ಕಾರಣ ಗಾಡಿ ನಿಂತಲ್ಲೇ ನಿಲ್ಲುವುದು. ತಿರುಮಣಿ, ವಳ್ಳೂರು, ಕ್ಯಾತಗಾನಚೆರ್ಲು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಸೌರ ವಿದ್ಯುತ್ ಉದ್ಯಾನಕ್ಕೆ ಗುತ್ತಿಗೆ ಹೋಯಿತು. 2018ರಲ್ಲಿ ಅಲ್ಲಿ ವಿದ್ಯುತ್ ಹುಟ್ಟತೊಡಗಿತು. ಉಳುವ ಹೊಲವಿಲ್ಲದೆ ತಿಂಗಳುಗಟ್ಟಲೆ ನಿಂತ ಟ್ರ್ಯಾಕ್ಟರಿನ ಕೊಳವೆಯ ಬಾಯಿಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿಬಿಟ್ಟರೆ ಯಾರ ಕಣ್ಣಿಗೂ ಬೀಳದು.

ಪರೀಕ್ಷೆ ಸುಲಭ. ಎಂಜಿನ್ನು ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿರಿ. ಹೆಗಲ ಟವೆಲನ್ನು ಮೊದಲು ತೆಗೆದಿಡಿರಿ, ಫ್ಯಾನು ಹತ್ತಿರದಲ್ಲೇ ಇರುತ್ತದೆ. ಒಮ್ಮೆ ಬುಸ್ಸೆಂದು ಗಾಳಿ ಬಂದು ಆಮೇಲೆ ಶಾಂತವಾದರೆ ಕೊಳವೆ ಕಟ್ಟಿದೆ. ಮುಚ್ಚಳ ತೆರೆದ ಮೇಲೂ ದಟ್ಟ ಹೊಗೆ ಬುಸುಬುಸು ಬರುತ್ತಲೇ ಇದ್ದರೆ ರಿಂಗು ಸವೆದಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ.

ಶುಚಿ ಮಾಡಲು ಎಂಜಿನ್ನು ಆರಿಸಿ, ತಣ್ಣಗಾಗಲು ಬಿಡಿರಿ. ಕೊಳವೆ ಕೆಲವು ಗಾಡಿಗಳಲ್ಲಿ ಎಂಜಿನ್ನಿನ ಪಕ್ಕದಲ್ಲಿ, ಕೆಲವುಗಳಲ್ಲಿ ಮೇಲಿನ ಕವರಿನಲ್ಲಿರುತ್ತದೆ. ಎಣ್ಣೆ ಹಾಕುವ ಮುಚ್ಚಳವೇ ಉಸಿರುಬಾಯಿಯಾಗಿರುವುದೂ ಉಂಟು. ಸುತ್ತಲಿನ ಮಣ್ಣನ್ನು ಒರೆಸಿದ ಮೇಲೆಯೇ ಬಿಚ್ಚಬೇಕು. ಗಾಡಿಯ ಮೇಲಿರುವಾಗಲೇ ತಂತಿ ತೂರಿಸುವುದು ಸಲ್ಲದು, ಮಣ್ಣು ಎಣ್ಣೆಯೊಳಗೆ ಬೀಳುತ್ತದೆ. ಬಿಚ್ಚಿದ ಕೊಳವೆಯನ್ನೂ ಒಳಗಿನ ತಂತಿಬಲೆಯನ್ನೂ ಡೀಸೆಲಿನಲ್ಲಿ ಒಂದು ಗಂಟೆ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಬಾಯಿಂದ ಊದಿ ನೋಡಿದರೆ ಗಾಳಿ ಸರಾಗವಾಗಿ ಹೋಗಬೇಕು. ಒಣಗಿಸಿ, ಬಲೆಗೆ ನಾಲ್ಕು ಹನಿ ಎಂಜಿನ್ ಆಯಿಲ್ ಹಾಕಿ ಜೋಡಿಸಿರಿ. ಕಾಗದದ ಫಿಲ್ಟರಿದ್ದರೆ ತೊಳೆಯದೆ ಬದಲಿಸಬೇಕು. ರಬ್ಬರ್ ಪೈಪಿದ್ದರೆ ಅದು ಒಳಗೇ ಚಪ್ಪಟೆಯಾಗಿಲ್ಲವೇ ನೋಡಿರಿ. ಎಣ್ಣೆ ತೊಟ್ಟಿಕ್ಕುವುದೆಂದು ಕೊಳವೆಯ ಬಾಯಿಗೆ ಬಟ್ಟೆ ತುರುಕುವವರಿದ್ದಾರೆ. ಸೀಲನ್ನು ಕೈಯಾರೆ ಕೆಡಿಸಿಕೊಳ್ಳಲು ಇದಕ್ಕಿಂತ ನೇರ ದಾರಿಯಿಲ್ಲ.

ಎಣ್ಣೆ ಡಿಪ್ ಸ್ಟಿಕ್ಕಿನ ಮೇಲ್ಗುರುತು ಮೀರದಿರಲಿ. ಬಳಿಕ ಎಂಜಿನ್ನಿನ ಹೊರಮೈಯನ್ನು ಒರೆಸಿ ಒಣಗಿಸಿ, ಒಂದು ದಿನ ಕೆಲಸ ಮಾಡಿಸಿ ನೋಡಿರಿ. ಸೀಲಿನ ತುಟಿ ಇನ್ನೂ ಹರಿದಿರದಿದ್ದರೆ ಸೋರುವುದು ನಿಲ್ಲುತ್ತದೆ. ನಿಲ್ಲದಿದ್ದರೆ ಆಗ ಸೀಲು ಬದಲಿಸಿರಿ.