ಅಲಸಂಡೆಗೆ ಆ ಹಳೆಯ ಬಾಟಲಿ ಬೇಡ

ಮಂಗಳೂರಿನ ಓದುಗರೊಬ್ಬರ ತಾರಸಿ ತೋಟದ ಅಲಸಂಡೆಗೆ ಹೇನು ಹತ್ತಿದೆ. ಊರಿನ ಮನೆಯಿಂದ ತಂದ ಹಳೆಯ ಮೊನೊಕ್ರೊಟೊಫಾಸ್ ಸಿಂಪಡಿಸಬಹುದೇ ಎಂಬುದು ಅವರ ಪ್ರಶ್ನೆ. ಖಂಡಿತ ಬೇಡ.

ಇದು ಆರ್ಗನೋಫಾಸ್ಫೇಟ್ ವಿಷ. ನರಗಳ ಸಂದೇಶವಾಹಕ ಅಸಿಟೈಲ್‌ಕೋಲಿನ್ ತನ್ನ ಕೆಲಸ ಮುಗಿಸಿದೊಡನೆ ಅದನ್ನು ಒಡೆಯುವ ಕಿಣ್ವವೊಂದಿದೆ. ವಿಷದ ರಂಜಕದ ಭಾಗ ಆ ಕಿಣ್ವಕ್ಕೇ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತದೆ. ಸಂದೇಶ ನಿಲ್ಲುವುದೇ ಇಲ್ಲ: ಜೊಲ್ಲು, ಬೆವರು, ವಾಂತಿ, ಸೂಜಿಮೊನೆಯಷ್ಟಾಗುವ ಕಣ್ಣಪಾಪೆ, ಕೊನೆಗೆ ಉಸಿರಾಟದ ಸ್ನಾಯುಗಳ ಸೋಲು. ಹುಳಕ್ಕಿರುವ ಈ ಕಿಣ್ವ ಮನುಷ್ಯನಿಗೂ ಇದೆ! ಗಿಡದೊಳಗೆ ಹರಿಯುವ ವಿಷವಾದ್ದರಿಂದ ಕಾಯಿ ತೊಳೆದರೂ ಹೋಗದು. ಚರ್ಮದ ಮೂಲಕವೂ ಮೈ ಸೇರುತ್ತದೆ.

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದಕ್ಕೆ ಬೆರೆಸಿದ್ದು ಇದೇ ಮೊನೊಕ್ರೊಟೊಫಾಸ್. 17 ಜನ ಸತ್ತರು. ತರಕಾರಿಗೆ ಇದರ ಬಳಕೆ ದೇಶದಲ್ಲಿ 2005ರಲ್ಲೇ ನಿಷಿದ್ಧವಾಗಿದೆ.

ಹೇನಿಗೆ ಬೇವಿನೆಣ್ಣೆ ಬೆರೆಸಿದ ಸಾಬೂನು ನೀರು ಸಾಕು. ಬಾಟಲಿಯನ್ನು ಚರಂಡಿಗೆ ಸುರಿಯಬಾರದು, ಬೇರೆ ಸೀಸೆಗೆ ಬಗ್ಗಿಸಲೂಬಾರದು. ಬೀಗ ಹಾಕಿಟ್ಟು, ವಿಲೇವಾರಿಗೆ ಕೃಷಿ ಇಲಾಖೆಯವರನ್ನು ಕೇಳಬೇಕು. ಮೈಗೆ ತಾಗಿದರೆ ಬಟ್ಟೆ ಕಳಚಿ, ಸಾಬೂನು ಹಾಕಿ ತೊಳೆಯಿರಿ. ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಬಾಟಲಿಯ ಲೇಬಲನ್ನು ವೈದ್ಯರಿಗೆ ತೋರಿಸಿ. ಅಟ್ರೋಪಿನ್ ಚುಚ್ಚುಮದ್ದು ತಡವಾಗಬಾರದು.